ಕಡಲ ನಕ್ಷತ್ರಗಳ ಗುರುತು ಮತ್ತು ಛಾಯಾಚಿತ್ರಣ

(ಮುಂಬಯಿಯಲ್ಲಿ ನೆರೆದ ಕನ್ನಡಿಗರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)



ನಕ್ಷತ್ರವೆಂದೊಡನೆ ನಮ್ಮ ದೃಷ್ಟಿ ಆಕಾಶದತ್ತ ಹೊರಳುತ್ತದೆ. ಇಂದು ನಾನು ತಮ್ಮ ದೃಷ್ಟಿಯನ್ನು ಕೆಳಕ್ಕೆ, ಇಳಿತದ ಹೊತ್ತಿನಲ್ಲಿ ಕಡಲತೀರದ ಬಂಡೆಗಳ ನಡುವೆ ನಿಲ್ಲುವ ನೀರಿನ ಕಡೆಗೆ ಸೆಳೆಯಬೇಕೆಂದಿದ್ದೇನೆ. ಅಲ್ಲಿಯೂ ನಕ್ಷತ್ರಗಳಿವೆ. ಅವುಗಳನ್ನು ಗುರುತಿಸುವುದು ಹೇಗೆ, ಅವುಗಳಿಗೆ ಹಾನಿಯಾಗದಂತೆ ಛಾಯಾಚಿತ್ರ ತೆಗೆಯುವುದು ಹೇಗೆ, ಹಾಗೆ ತೆಗೆದ ಚಿತ್ರದಿಂದ ಪ್ರಯೋಜನವೇನು ಎಂಬ ಮೂರು ಸಂಗತಿಗಳನ್ನು ತಮ್ಮ ಮುಂದಿಡುವುದು ನನ್ನ ಉದ್ದೇಶ.

ಮೊದಲಿಗೆ ನನ್ನದೇ ಒಂದು ತಪ್ಪನ್ನು ಹೇಳಿ ಮುಂದುವರಿಯುತ್ತೇನೆ. ಸುಮಾರು ನಲವತ್ತು ವರ್ಷಗಳ ಹಿಂದೆ ನಾನು ರಾಮೇಶ್ವರ ಯಾತ್ರೆಗೆ ಹೋಗಿದ್ದಾಗ, ಮಂಡಪಂ ಬಳಿಯ ತೀರದಲ್ಲಿ ಅಂಗೈಗಿಂತ ದೊಡ್ಡದಾದ ಒಂದು ಕಡಲ ನಕ್ಷತ್ರವನ್ನು ಕಂಡೆ. ಮೈತುಂಬ ಗುಬುಟುಗಳು, ಬೂದು ಮೈಮೇಲೆ ಕೆಂಪು ಬಣ್ಣ. ಮನೆಯವರಿಗೆ ತೋರಿಸುವ ಆಸೆಯಿಂದ ಅದನ್ನು ಎತ್ತಿ ತಂದು, ಛತ್ರದ ಬಕೆಟಿನಲ್ಲಿ ಬಾವಿಯ ನೀರು ತುಂಬಿ ಅದರಲ್ಲಿ ಬಿಟ್ಟೆ. ಬೆಳಗಾಗುವಷ್ಟರಲ್ಲಿ ಅದು ಸತ್ತಿತ್ತು. ಸಿಹಿನೀರು ಅದಕ್ಕೆ ವಿಷಕ್ಕೆ ಸಮಾನವೆಂಬುದು ಆಗ ನನಗೆ ತಿಳಿದಿರಲಿಲ್ಲ. ಬಿಸಿಲಿನಲ್ಲಿ ಒಣಗಿಸಿದೆ. ಕೆಂಪು ಹೋಯಿತು, ಬೂದು ಹೋಯಿತು, ಮಣ್ಣಿನ ಬಣ್ಣದ ಒಂದು ಗಟ್ಟಿ ವಸ್ತು ಉಳಿಯಿತು. ಊರಿಗೆ ಮರಳುವ ರೈಲಿನಲ್ಲಿ ತೋಳೊಂದು ಮುರಿಯಿತು. ಮುಂದೆ ಕೆಲವು ವರ್ಷಗಳ ಮೇಲೆ ಈ ವಿಷಯ ಬಲ್ಲ ಹಿರಿಯರೊಬ್ಬರಿಗೆ ಅದನ್ನು ತೋರಿಸಿ ಹೆಸರು ಕೇಳಿದೆ. ಅವರು ಅದನ್ನು ತಿರುಗಿಸಿ ನೋಡಿ, “ಅಂಚಿನ ಮುಳ್ಳುಗಳು ಉದುರಿವೆ, ಬಣ್ಣ ಹೋಗಿದೆ, ಸಿಕ್ಕ ಜಾಗ, ದಿನಾಂಕ ಬರೆದಿಟ್ಟಿಲ್ಲ. ಯಾವ ಕುಟುಂಬದ್ದೆಂದು ಹೇಳಬಹುದು, ಪ್ರಭೇದ ಹೇಳಲಾರೆ” ಎಂದರು. ಒಂದು ಜೀವ ಹೋಯಿತು, ಅದರ ಹೆಸರೂ ಸಿಗಲಿಲ್ಲ. ಅದನ್ನು ಇದ್ದಲ್ಲಿಯೇ ಬಿಟ್ಟು ಸರಿಯಾದ ನಾಲ್ಕೈದು ಚಿತ್ರಗಳನ್ನು ತೆಗೆದಿದ್ದರೆ ಹೆಸರೂ ದೊರೆಯುತ್ತಿತ್ತು, ಜೀವವೂ ಉಳಿಯುತ್ತಿತ್ತು. ಇಂದಿನ ಮಾತಿನ ಸಾರವೂ ಇದೇ.

ಮೀನಲ್ಲದ ಮೀನು

ಕನ್ನಡದಲ್ಲಿ ನಾವು ಇದನ್ನು ‘ನಕ್ಷತ್ರ ಮೀನು’ ಎಂದು ಕರೆಯುತ್ತ ಬಂದಿದ್ದೇವೆ. ಆದರೆ ಇದು ಮೀನಲ್ಲ. ಇದಕ್ಕೆ ಬೆನ್ನುಮೂಳೆಯಿಲ್ಲ, ಕಿವಿರಿಲ್ಲ, ಈಜುರೆಕ್ಕೆಯಿಲ್ಲ. ಮೆದುಳೂ ಇಲ್ಲ, ನಮ್ಮಂತೆ ರಕ್ತವೂ ಇಲ್ಲ. ಪ್ರಾಣಿಶಾಸ್ತ್ರದಲ್ಲಿ ಇದು ಕಂಟಕಚರ್ಮಿಗಳು, ಅಂದರೆ ಮುಳ್ಳಿನ ಚರ್ಮವುಳ್ಳ ಜೀವಿಗಳು ಎಂಬ ವಂಶಕ್ಕೆ ಸೇರಿದೆ. ಈ ವಂಶದಲ್ಲಿ ಇಂದು ಬದುಕಿರುವ ಸುಮಾರು 7,000 ಪ್ರಭೇದಗಳಿವೆ. ಅವುಗಳಲ್ಲಿ ಒಂದೂ ನದಿ, ಕೆರೆಗಳಲ್ಲಿ ವಾಸಿಸುವುದಿಲ್ಲ, ಎಲ್ಲವೂ ಕಡಲಿನವು. ಕಡಲ ನಕ್ಷತ್ರಗಳದೇ ಸುಮಾರು 1,900 ಪ್ರಭೇದಗಳಿವೆ.

ಇದರ ದೇಹದ ರಚನೆಯನ್ನು ಸ್ವಲ್ಪ ತಿಳಿದುಕೊಂಡರೆ ಗುರುತಿಸುವ ಕೆಲಸ ಸುಲಭವಾಗುತ್ತದೆ. ನಡುವೆ ಒಂದು ತಟ್ಟೆ, ಅದರ ಸುತ್ತ ಸಾಮಾನ್ಯವಾಗಿ ಐದು ತೋಳುಗಳು. ಬಾಯಿ ಕೆಳಗಡೆ, ತಟ್ಟೆಯ ನಡುವೆ ಇರುತ್ತದೆ. ಬಾಯಿಯಿಂದ ಪ್ರತಿ ತೋಳಿನ ತುದಿಯವರೆಗೆ ಒಂದೊಂದು ಕಾಲುವೆ ಹರಿದಿದೆ. ಆ ಕಾಲುವೆಯಲ್ಲಿ ಸಾಲುಸಾಲಾಗಿ ಮೃದುವಾದ ಕೊಳವೆಪಾದಗಳಿವೆ. ದೇಹದೊಳಗಿನ ನಾಳಗಳಲ್ಲಿರುವ ನೀರಿನ ಒತ್ತಡದಿಂದ ಈ ಪಾದಗಳು ಚಾಚಿಕೊಳ್ಳುತ್ತವೆ, ಕುಗ್ಗುತ್ತವೆ. ಇವುಗಳಿಂದಲೇ ನಡಿಗೆ, ಇವುಗಳಿಂದಲೇ ಹಿಡಿತ. ತಟ್ಟೆಯ ಮೇಲ್ಭಾಗದಲ್ಲಿ, ನಡುವಿನಿಂದ ತುಸು ಒಂದು ಪಕ್ಕಕ್ಕೆ, ಗುಂಡಿಯಂತಹ ಒಂದು ಸಣ್ಣ ಬಿಲ್ಲೆ ಕಾಣುತ್ತದೆ. ಇದು ಈ ನೀರಿನ ವ್ಯವಸ್ಥೆಯ ಬಾಗಿಲು. ಜರಡಿಯಂತೆ ರಂಧ್ರಗಳಿರುವುದರಿಂದ ಜರಡಿಬಿಲ್ಲೆ ಎನ್ನೋಣ. ಪ್ರತಿ ತೋಳಿನ ತುದಿಯಲ್ಲಿ ಬೆಳಕನ್ನು ಅರಿಯುವ ಒಂದು ಕಣ್ಚುಕ್ಕೆಯೂ ಇದೆ.

ನೋಡಲು ನಿಶ್ಚಲವೆನಿಸುವ ಈ ಪ್ರಾಣಿ ವಾಸ್ತವವಾಗಿ ಒಳ್ಳೆಯ ಬೇಟೆಗಾರ. ಹಲವು ಪ್ರಭೇದಗಳು ಕಪ್ಪೆಚಿಪ್ಪಿನ ಎರಡು ಹೋಳುಗಳನ್ನು ಕೊಳವೆಪಾದಗಳಿಂದ ಹಿಡಿದೆಳೆದು, ಸಣ್ಣ ಸಂದು ಉಂಟಾದೊಡನೆ ತಮ್ಮ ಜಠರವನ್ನೇ ಬಾಯಿಯ ಮೂಲಕ ಹೊರಚಾಚಿ ಚಿಪ್ಪಿನೊಳಕ್ಕೆ ತೂರಿಸಿ ಅಲ್ಲಿಯೇ ಜೀರ್ಣಿಸಿಕೊಳ್ಳುತ್ತವೆ. ಊಟಕ್ಕೆ ಮನೆಗೆ ಹೋಗುವ ಬದಲು ಅಡುಗೆಮನೆಯನ್ನೇ ಊಟವಿದ್ದಲ್ಲಿಗೆ ಕಳುಹಿಸುವ ಕ್ರಮ ಇದು.

ಹೋಲುವ ನೆಂಟರು

ತೀರದಲ್ಲಿ ನಕ್ಷತ್ರದ ಆಕಾರ ಕಂಡೊಡನೆ ಅದು ಕಡಲ ನಕ್ಷತ್ರವೇ ಎಂದು ತೀರ್ಮಾನಿಸಬಾರದು. ಇದೇ ವಂಶದಲ್ಲಿ ಇನ್ನೂ ನಾಲ್ಕು ವರ್ಗಗಳಿವೆ. ಅವುಗಳಲ್ಲಿ ಕಡಲಸೌತೆ ಮತ್ತು ಮುಳ್ಳುಚೆಂಡಿನಂತಹ ಕಡಲಮುಳ್ಳಿಗಳನ್ನು ಗುರುತಿಸುವಲ್ಲಿ ಗೊಂದಲವಿಲ್ಲ. ಗೊಂದಲ ಉಂಟುಮಾಡುವವು ಇನ್ನೆರಡು. ಒಂದು, ತೋಳುಗಳು ಬೇಗ ಮುರಿಯುವ ಭಂಗುರ ನಕ್ಷತ್ರ. ಇದರ ಗುಂಡನೆಯ ತಟ್ಟೆ ಒಂದು ನಾಣ್ಯದಂತೆ ಬೇರೆಯಾಗಿಯೇ ಕಾಣುತ್ತದೆ. ತೋಳುಗಳು ಹಾವಿನ ಮರಿಗಳಂತೆ ತೆಳ್ಳಗೆ ಬಳುಕುತ್ತವೆ. ಕೆಳಗಡೆ ತೆರೆದ ಕಾಲುವೆ ಇರುವುದಿಲ್ಲ. ಕಲ್ಲನ್ನು ಸರಿಸಿದೊಡನೆ ಸರಸರನೆ ಓಡಿಹೋಗುವುದು ಇದೇ. ಇನ್ನೊಂದು, ಗರಿಯಂತಹ ತೋಳುಗಳ ಗರಿ ನಕ್ಷತ್ರ. ಇದರ ಬಾಯಿ ಮೇಲ್ಮುಖವಾಗಿರುತ್ತದೆ. ಕಡಲ ನಕ್ಷತ್ರದಲ್ಲಾದರೋ ತೋಳು ತಟ್ಟೆಯಿಂದಲೇ ಬೆಳೆದು ಬಂದಂತಿದ್ದು, ಎಲ್ಲಿ ತಟ್ಟೆ ಮುಗಿಯಿತು, ಎಲ್ಲಿ ತೋಳು ಮೊದಲಾಯಿತು ಎಂದು ಗೆರೆ ಎಳೆದು ಹೇಳಲಾಗುವುದಿಲ್ಲ.

ಗುರುತಿಸುವ ಲಕ್ಷಣಗಳು

ನಮ್ಮ ಮನಸ್ಸಿಗೆ ಮೊದಲು ತೋರುವ ಲಕ್ಷಣ ಬಣ್ಣ. ನಂಬಿಕೆಗೆ ಕಡಿಮೆ ಅರ್ಹವಾದ ಲಕ್ಷಣವೂ ಅದೇ. ಲಕ್ಷದ್ವೀಪ ಮತ್ತು ಅಂಡಮಾನ್ ದ್ವೀಪಗಳ ಹವಳದ ದಿಬ್ಬಗಳಲ್ಲಿ ‘ಲಿಂಕಿಯಾ ಲೀವಿಗಾಟಾ’ ಎಂಬ ಅಚ್ಚ ನೀಲಿ ನಕ್ಷತ್ರವಿದೆ. ಒಮ್ಮೆ ಕಂಡವರು ಮರೆಯಲಾರರು. ಆದರೆ ಇದೇ ಪ್ರಭೇದ ಕಿತ್ತಳೆ, ಬೂದು, ಹಸುರು ಛಾಯೆಗಳಲ್ಲಿಯೂ ಕಾಣಸಿಗುತ್ತದೆ. ಬಣ್ಣವನ್ನು ನೆಚ್ಚಿ ಹೊರಟವರು ಒಂದೇ ಪ್ರಾಣಿಗೆ ನಾಲ್ಕು ಹೆಸರಿಟ್ಟಾರು. ಆದುದರಿಂದ ಬಣ್ಣವನ್ನು ದಾಖಲಿಸಬೇಕು. ತೀರ್ಪನ್ನು ಮಾತ್ರ ಬೇರೆ ಲಕ್ಷಣಗಳಿಗೆ ಬಿಡಬೇಕು.

ಆ ಬೇರೆ ಲಕ್ಷಣಗಳು ಯಾವುವು? ಮೊದಲನೆಯದು ತೋಳುಗಳ ಸಂಖ್ಯೆ. ಎರಡನೆಯದು ತೋಳಿನ ಪ್ರಮಾಣ. ತಟ್ಟೆಯ ನಡುವಿನಿಂದ ತೋಳಿನ ತುದಿಗೆ ಇರುವ ದೂರವನ್ನು, ಅದೇ ನಡುವಿನಿಂದ ಎರಡು ತೋಳುಗಳ ನಡುವಣ ಮೂಲೆಗೆ ಇರುವ ದೂರದಿಂದ ಭಾಗಿಸಬೇಕು. ಬರುವ ಸಂಖ್ಯೆ ಒಂದಕ್ಕೆ ಹತ್ತಿರವಾದರೆ ಪ್ರಾಣಿ ಐದು ಮೂಲೆಯ ಮೆತ್ತೆಯಂತಿರುತ್ತದೆ. ಐದನ್ನು ಮೀರಿದರೆ ಉದ್ದ ತೋಳಿನ ಲಿಂಕಿಯಾದಂತಿರುತ್ತದೆ. ತಜ್ಞರು ಇಂದಿಗೂ ಈ ಲೆಕ್ಕವನ್ನು ಬಳಸುತ್ತಾರೆ. ಮೂರನೆಯದು ತೋಳಿನ ಅಂಚು: ಅಲ್ಲಿ ದೊಡ್ಡ ಫಲಕಗಳ ಸಾಲಿದೆಯೆ, ಮುಳ್ಳುಗಳಿವೆಯೆ, ಇದ್ದರೆ ತೋಳಿನ ಉದ್ದಕ್ಕೂ ಇವೆಯೋ ತುದಿಯ ಕಡೆಗೆ ಮಾತ್ರವೋ? ನಾಲ್ಕನೆಯದು ಮೇಲ್ಮೈ: ನುಣುಪೋ, ಹರಳುಹರಳೋ, ಗುಬುಟುಗಳೋ? ಐದನೆಯದು ಕೆಳಭಾಗ: ಕಾಲುವೆಯ ಇಕ್ಕೆಲದ ಮುಳ್ಳುಗಳು ಹೇಗಿವೆ, ಕೊಳವೆಪಾದಗಳು ಮೊನಚೋ, ತುದಿಯಲ್ಲಿ ಹೀರುಬಿಲ್ಲೆ ಇದೆಯೋ? ಆರನೆಯದು ಜರಡಿಬಿಲ್ಲೆ: ಒಂದೋ, ಎರಡೋ?

ಈ ಲಕ್ಷಣಗಳನ್ನು ನಮ್ಮ ದೇಶದ ಕೆಲವು ನಕ್ಷತ್ರಗಳಿಗೆ ಅನ್ವಯಿಸಿ ನೋಡೋಣ.

ಮುಂಬಯಿ, ಚೆನ್ನೈ ಮೊದಲಾದ ಕಡೆಗಳ ಮರಳುತೀರಗಳಲ್ಲಿ ಕಾಣಸಿಗುವುದು ‘ಆಸ್ಟ್ರೊಪೆಕ್ಟನ್’ ಕುಲದ ಮರಳು ನಕ್ಷತ್ರ. ಚಪ್ಪಟೆ ಮೈ, ಮೊನಚಾದ ಐದು ತೋಳುಗಳು, ಅಂಚಿನುದ್ದಕ್ಕೂ ದೊಡ್ಡ ಫಲಕಗಳ ಸಾಲು, ಆ ಸಾಲಿನಿಂದ ಬಾಚಣಿಗೆಯ ಹಲ್ಲುಗಳಂತೆ ಹೊರಚಾಚಿದ ಮುಳ್ಳುಗಳು. ಇದರ ಕೊಳವೆಪಾದಗಳು ಮೊನಚು, ಹೀರುಬಿಲ್ಲೆಯಿಲ್ಲ. ಬಂಡೆಗೆ ಅಂಟಿಕೊಳ್ಳುವ ಅಗತ್ಯ ಇದಕ್ಕಿಲ್ಲ, ಮರಳನ್ನು ಅಗೆದು ಹುದುಗಿಕೊಂಡರೆ ಸಾಕು. ಇದು ಜಠರವನ್ನು ಹೊರಚಾಚುವುದಿಲ್ಲ. ಸಣ್ಣ ಚಿಪ್ಪುಜೀವಿಗಳನ್ನು ಇಡಿಯಾಗಿ ನುಂಗಿ, ಸತ್ವವನ್ನು ಹೀರಿ, ಬರಿಯ ಚಿಪ್ಪನ್ನು ಬಾಯಿಯಿಂದಲೇ ಉಗುಳುತ್ತದೆ. ಇಳಿತದ ಮೇಲೆ ಹಸಿ ಮರಳಿನಲ್ಲಿ ನಕ್ಷತ್ರದ ಅಚ್ಚು ಕಂಡರೆ ಅದರಡಿ ಇದು ಇರಬಹುದು.

ಮರಳಿನಲ್ಲಿಯೇ ವಾಸಿಸುವ ಇನ್ನೊಂದು ‘ಲುಯಿಡಿಯಾ ಮ್ಯಾಕ್ಯುಲಾಟಾ’. ಇದಕ್ಕೆ ಐದಲ್ಲ, ಸಾಮಾನ್ಯವಾಗಿ ಏಳು ಅಥವಾ ಎಂಟು ತೋಳುಗಳು. ಅವು ಪಟ್ಟಿಯಂತೆ ಉದ್ದ, ಮೇಲೆ ಕಪ್ಪು ಮಚ್ಚೆಗಳು. ಮರಳು ನಕ್ಷತ್ರದ ಮೇಲಂಚಿನಲ್ಲಿ ಎದ್ದು ಕಾಣುವ ಫಲಕಗಳ ಸಾಲು ಇದರಲ್ಲಿ ಇಲ್ಲ. ಪೂರ್ವ ಕರಾವಳಿಯಲ್ಲಿ ಟ್ರಾಲ್ ಬಲೆಗಳಿಗೆ ಸಿಕ್ಕಿ ದಡಕ್ಕೆ ಬರುವ ನಕ್ಷತ್ರಗಳಲ್ಲಿ ಇದೂ ಒಂದು.

ನಾನು ರಾಮೇಶ್ವರದಲ್ಲಿ ಕೊಂದ ನಕ್ಷತ್ರ ‘ಪ್ರೊಟೊರಿಯಾಸ್ಟರ್ ಲಿಂಕಿ’ ಇದ್ದಿರಬಹುದು. ಅದರ ಸೋದರಸಂಬಂಧಿ ‘ಪೆಂಟಾಸೆರಾಸ್ಟರ್’ ಕೂಡ ಇದ್ದಿರಬಹುದು. ಮನ್ನಾರ್ ಕೊಲ್ಲಿಯ ಕಡಲಹುಲ್ಲಿನ ನಡುವೆ ಎರಡೂ ವಾಸಿಸುತ್ತವೆ. ಎರಡಕ್ಕೂ ದಪ್ಪ ಮೈ, ಎರಡಕ್ಕೂ ಗುಬುಟುಗಳು. ಪ್ರೊಟೊರಿಯಾಸ್ಟರ್ ಲಿಂಕಿಯ ತೋಳುಗಳ ಅಂಚಿನಲ್ಲಿ, ತುದಿಯ ಕಡೆಗೆ, ಪಕ್ಕಕ್ಕೆ ಚಾಚಿದ ದೊಡ್ಡ ಮುಳ್ಳುಗಳಿರುತ್ತವೆ. ಮೈಮೇಲೆ ಕೆಂಪು ಗುಬುಟುಗಳನ್ನು ಕೂಡಿಸುವ ಕೆಂಪು ಗೆರೆಗಳು ಬಲೆಯಂತೆ ಹೆಣೆದುಕೊಂಡಿರುತ್ತವೆ. ಆ ಹಿರಿಯರು ಹುಡುಕಿದ್ದು ಇದೇ ಮುಳ್ಳುಗಳನ್ನು. ರೈಲುಪ್ರಯಾಣದಲ್ಲಿ ಅವು ಉದುರಿಹೋಗಿದ್ದವು.

ಹವಳದ ದಿಬ್ಬಗಳಲ್ಲಿ ‘ಕುಲ್ಸಿಟಾ’ ಎಂಬ ಮೆತ್ತೆ ನಕ್ಷತ್ರವಿದೆ. ಬೆಳೆದ ಪ್ರಾಣಿಗೆ ತೋಳುಗಳೇ ಇಲ್ಲವೆನ್ನಬಹುದು. ಉಬ್ಬಿದ ಬನ್ನಿನಂತೆ ಕಾಣುತ್ತದೆ. ತಿರುಗಿಸಿದಾಗ ಮಾತ್ರ ಐದು ಕಾಲುವೆಗಳು ತೋರಿ ಇದು ನಕ್ಷತ್ರವೆಂದು ತಿಳಿಯುತ್ತದೆ. ಇದರ ಮರಿಗಳಾದರೋ ಚಪ್ಪಟೆಯಾಗಿ, ಸ್ಪಷ್ಟ ಅಂಚಿನಿಂದ ಕೂಡಿ, ತಾಯಿಯನ್ನು ಕಿಂಚಿತ್ತೂ ಹೋಲುವುದಿಲ್ಲ. ಹಿಂದಿನ ವಿದ್ವಾಂಸರು ಈ ಮರಿಗಳನ್ನು ಬೇರೆಯೇ ಕುಲದ ಪ್ರಾಣಿಗಳೆಂದು ವಿವರಿಸಿದ್ದುಂಟು. ತಜ್ಞರೇ ಎಡವಿದ ಜಾಗದಲ್ಲಿ ನಾವು ಎಡವಿದರೆ ನಾಚಬೇಕಾಗಿಲ್ಲ. ಚಿತ್ರ ಮತ್ತು ಅಳತೆ ಇದ್ದರೆ ತಪ್ಪನ್ನು ತಿದ್ದಿಕೊಳ್ಳಬಹುದು.

‘ಲಿಂಕಿಯಾ ಮಲ್ಟಿಫೋರಾ’ ಎಂಬ ಸಣ್ಣ ನಕ್ಷತ್ರ ಇನ್ನೊಂದು ಬಗೆಯಲ್ಲಿ ನಮ್ಮನ್ನು ಬೆರಗುಗೊಳಿಸುತ್ತದೆ. ಇದರ ತೋಳೊಂದು ತಾನಾಗಿಯೇ ಕಳಚಿಕೊಂಡು, ಬೇರೆಯಾಗಿ ಬದುಕಿ, ಬುಡದಲ್ಲಿ ಹೊಸ ತಟ್ಟೆಯನ್ನೂ ಉಳಿದ ತೋಳುಗಳನ್ನೂ ಬೆಳೆಸಿಕೊಳ್ಳಬಲ್ಲದು. ಬೆಳೆಯುತ್ತಿರುವ ಅವಸ್ಥೆಯಲ್ಲಿ ಒಂದು ಉದ್ದ ತೋಳು, ನಾಲ್ಕು ಮೊಳಕೆಗಳು ಸೇರಿ ಧೂಮಕೇತುವಿನಂತೆ ತೋರುತ್ತದೆ. ಅಂಗಹೀನ ಪ್ರಾಣಿಯೆಂದು ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಅದೇ ಒಳ್ಳೆಯ ದಾಖಲೆ. ಇದರಲ್ಲಿ ಹಲವು ವೇಳೆ ಎರಡು ಜರಡಿಬಿಲ್ಲೆಗಳು ಇರುವುದನ್ನೂ ನೋಡಬಹುದು.

ಕೊನೆಯದಾಗಿ, ಮುಟ್ಟಲೇಬಾರದ ನಕ್ಷತ್ರವೊಂದಿದೆ. ಹತ್ತಕ್ಕೂ ಹೆಚ್ಚು ತೋಳುಗಳು, ಮೈಯೆಲ್ಲ ಉದ್ದನೆಯ ವಿಷದ ಮುಳ್ಳುಗಳು. ಇದೇ ‘ಅಕಾಂತಾಸ್ಟರ್’, ಮುಳ್ಳುಕಿರೀಟ ನಕ್ಷತ್ರ. ಇದರ ಆಹಾರ ಜೀವಂತ ಹವಳ. ಸಂಖ್ಯೆ ಮಿತಿಮೀರಿದಾಗ ಇವು ಹವಳದ ದಿಬ್ಬಗಳನ್ನೇ ಬೋಳುಮಾಡುತ್ತವೆ. ಬಹುಕಾಲ ಇದು ಹಿಂದೂ ಮಹಾಸಾಗರದಿಂದ ಪೆಸಿಫಿಕ್ ಸಾಗರದವರೆಗೆ ಹರಡಿದ ಒಂದೇ ಪ್ರಭೇದವೆಂದು ತಿಳಿಯಲಾಗಿತ್ತು. 2008ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನವು ಅದರೊಳಗೆ ನಾಲ್ಕು ಬೇರೆ ಬೇರೆ ಕವಲುಗಳಿವೆಯೆಂದೂ ಅವು ಸಾಗರದ ಬೇರೆ ಬೇರೆ ಭಾಗಗಳಲ್ಲಿ ವಾಸಿಸುತ್ತವೆಂದೂ ತೋರಿಸಿತು. ಇಲ್ಲಿ ನಮಗೊಂದು ಪಾಠವಿದೆ. ಚಿತ್ರ ಎಲ್ಲಿ ತೆಗೆದದ್ದು ಎಂಬುದೂ ಗುರುತಿನ ಒಂದು ಲಕ್ಷಣವೇ. ಸ್ಥಳದ ಉಲ್ಲೇಖವಿಲ್ಲದ ಚಿತ್ರ ಅರ್ಧ ಚಿತ್ರ.

ಹೊತ್ತು ಮತ್ತು ಜಾಗ

ಕಡಲತೀರಕ್ಕೆ ಹೋಗಲು ಪಂಚಾಂಗ ನೋಡಬೇಕು. ಇದು ಮೂಢನಂಬಿಕೆಯ ಮಾತಲ್ಲ. ಅಮಾವಾಸ್ಯೆ, ಹುಣ್ಣಿಮೆಗಳ ಮುಂದಿನ ಒಂದೆರಡು ದಿನಗಳಲ್ಲಿ ಉಬ್ಬರವೂ ಅತಿ ಹೆಚ್ಚು, ಇಳಿತವೂ ಅತಿ ಹೆಚ್ಚು. ಆ ದಿನಗಳಲ್ಲಿ ಬೇರೆ ದಿನ ಕಾಣದ ನೆಲ ಬಯಲಾಗುತ್ತದೆ. ಮುಂಬಯಿಯಲ್ಲಿ ಆಗ ಉಬ್ಬರ ಮತ್ತು ಇಳಿತಗಳ ನಡುವಣ ಅಂತರ 4 ಮೀಟರನ್ನು ಮೀರಬಹುದು. ತೀರಾ ಇಳಿದ ನೀರು ಸಾಮಾನ್ಯವಾಗಿ ಬೆಳಿಗ್ಗೆ ಮತ್ತು ಸಂಜೆ 6 ಗಂಟೆಯ ಆಸುಪಾಸಿನಲ್ಲಿ ಸಿಗುತ್ತದೆ. ಚೆನ್ನೈಯಲ್ಲಿ ಈ ಅಂತರ ಸುಮಾರು ಒಂದು ಮೀಟರ್ ಮಾತ್ರ. ಭಾರತೀಯ ಸರ್ವೇಕ್ಷಣ ಇಲಾಖೆಯು ಪ್ರತಿ ವರ್ಷ ಪ್ರಕಟಿಸುವ ಉಬ್ಬರವಿಳಿತದ ಕೋಷ್ಟಕದಲ್ಲಿ ನಿಖರವಾದ ಸಮಯ ದೊರೆಯುತ್ತದೆ. ನೀರು ಅತಿ ಕೆಳಮಟ್ಟಕ್ಕೆ ಇಳಿಯುವ ಒಂದು ಗಂಟೆ ಮೊದಲೇ ಹೋಗಿ, ಮರಳಿ ಏರತೊಡಗಿದೊಡನೆ ದಡ ಸೇರಬೇಕು. ಒಬ್ಬರೇ ಹೋಗಬಾರದು. ಪಾಚಿಯ ಮೇಲೆ ಜಾರದ, ಬೆರಳು ಮುಚ್ಚುವ ಪಾದರಕ್ಷೆ ಅಗತ್ಯ. ಮಳೆಗಾಲದ ಕಡಲಿಗೆ ಇಳಿಯುವುದು ಸರ್ವಥಾ ಸಲ್ಲದು. ಚೂಪಾದ ಶಂಕುವಿನಾಕಾರದ ಚೆಲುವಾದ ಬಸವನಹುಳುಗಳು ಕಂಡರೆ ಕೈಗೆತ್ತಿಕೊಳ್ಳಬೇಡಿ; ಅವುಗಳಲ್ಲಿ ಕೆಲವು ವಿಷದ ಮುಳ್ಳಿನಿಂದ ಚುಚ್ಚುತ್ತವೆ.

ಐದು ಚಿತ್ರಗಳ ಕ್ರಮ

ಇನ್ನು ಛಾಯಾಚಿತ್ರದ ವಿಷಯ. ಹಿಂದೆ 36 ಚಿತ್ರಗಳ ಫಿಲ್ಮ್ ಸುರುಳಿಯನ್ನು ಲೆಕ್ಕವಿಟ್ಟು ಖರ್ಚು ಮಾಡುತ್ತಿದ್ದೆವು. ಈಗ ಮೊಬೈಲ್ ದೂರವಾಣಿಯಲ್ಲಿಯೇ ಒಳ್ಳೆಯ ಕ್ಯಾಮೆರಾ ಇದೆ. ದಿನಾಂಕ, ವೇಳೆ, ಸ್ಥಳಗಳೂ ಅದರಲ್ಲಿಯೇ ದಾಖಲಾಗುತ್ತವೆ. ಕೊರತೆ ಇರುವುದು ಉಪಕರಣದಲ್ಲಲ್ಲ, ಕ್ರಮದಲ್ಲಿ. ನಾವು ಸಾಮಾನ್ಯವಾಗಿ ತೆಗೆಯುವುದು ಒಂದೇ ಚಿತ್ರ. ಮೇಲಿನಿಂದ, ಓರೆಯಾಗಿ, ಅಂದವಾಗಿ. ಅಂದವಾದ ಆ ಚಿತ್ರ ಗೋಡೆಗೆ ಸಲ್ಲುತ್ತದೆ, ಗುರುತಿಗೆ ಸಲ್ಲುವುದಿಲ್ಲ. ಆದುದರಿಂದ ಪ್ರತಿ ನಕ್ಷತ್ರಕ್ಕೂ ಐದು ಚಿತ್ರಗಳ ಒಂದು ಕ್ರಮವನ್ನು ನಾನು ಸೂಚಿಸುತ್ತೇನೆ.

ಮೊದಲನೆಯದು, ಕಂಡಂತೆಯೇ ಒಂದು ಚಿತ್ರ. ಸುತ್ತಲಿನ ಬಂಡೆ, ಮರಳು, ಪಾಚಿ, ಕಡಲಹುಲ್ಲು ಎಲ್ಲವೂ ಕಾಣಬೇಕು. ಪ್ರಾಣಿಯ ವಾಸಸ್ಥಾನಕ್ಕೆ ಇದೇ ಸಾಕ್ಷಿ.

ಎರಡನೆಯದು, ನೇರ ಮೇಲಿನಿಂದ ಇಡೀ ಪ್ರಾಣಿಯ ಚಿತ್ರ. ಕ್ಯಾಮೆರಾ ಪ್ರಾಣಿಗೆ ಸಮಾನಾಂತರವಾಗಿರಬೇಕು. ಪಕ್ಕದಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಅಳತೆಪಟ್ಟಿ ಇರಬೇಕು. ಆಗ ಮನೆಗೆ ಬಂದ ಮೇಲೆ ಚಿತ್ರದಲ್ಲಿಯೇ ತೋಳಿನ ಪ್ರಮಾಣವನ್ನು ಅಳೆಯಬಹುದು. ಕ್ಯಾಮೆರಾ ಓರೆಯಾದರೆ ಅಳತೆಯೂ ಓರೆಯಾಗುತ್ತದೆ. ಅಳತೆಪಟ್ಟಿಯನ್ನು ಮರೆಯದೆ ಹಿಂದಕ್ಕೆ ತರಬೇಕು.

ಮೂರನೆಯದು, ಒಂದು ತೋಳಿನ ಅಂಚು ಪಕ್ಕದಿಂದ ಕಾಣುವ ಚಿತ್ರ. ಅಂಚಿನ ಫಲಕಗಳೂ ಮುಳ್ಳುಗಳೂ ಇದರಲ್ಲಿ ಸ್ಪಷ್ಟವಾಗಬೇಕು.

ನಾಲ್ಕನೆಯದು, ತಟ್ಟೆಯ ಸಮೀಪಚಿತ್ರ. ಜರಡಿಬಿಲ್ಲೆಯೂ ಮೇಲ್ಮೈಯ ಹರಳುಗಳೂ ಕಾಣಬೇಕು.

ಐದನೆಯದು, ಕೆಳಭಾಗದ ಚಿತ್ರ. ಇದೊಂದಕ್ಕೆ ಮಾತ್ರ ಪ್ರಾಣಿಯನ್ನು ಮುಟ್ಟಬೇಕಾಗುತ್ತದೆ. ಆದುದರಿಂದ ಇಲ್ಲಿ ಹೆಚ್ಚಿನ ಎಚ್ಚರ ಬೇಕು. ಕೈಯನ್ನು ಮೊದಲು ಕಡಲ ನೀರಿನಲ್ಲಿ ಒದ್ದೆ ಮಾಡಿಕೊಳ್ಳಿ. ಪ್ರಾಣಿ ನೆಲವನ್ನು ಬಿಗಿಯಾಗಿ ಹಿಡಿದಿದ್ದರೆ ಕೀಳಬೇಡಿ. ಕಿತ್ತರೆ ಕೊಳವೆಪಾದಗಳು ಹರಿದು ಬಂಡೆಯ ಮೇಲೆಯೇ ಉಳಿಯುತ್ತವೆ. ತಾನಾಗಿ ಸಡಿಲವಾಗಿದ್ದರೆ ಮಾತ್ರ, ನೀರಿನೊಳಗೇ ಇರಿಸಿಕೊಂಡು, ಅಂಗೈಯಲ್ಲಿ ಮೆಲ್ಲನೆ ಹೊರಳಿಸಿ, ಕೆಲವೇ ಕ್ಷಣಗಳಲ್ಲಿ ಚಿತ್ರ ತೆಗೆದು, ಮೊದಲಿದ್ದಂತೆಯೇ ಮಲಗಿಸಿ. ಮುಳ್ಳುಕಿರೀಟದ ಬಳಿ ಈ ಪ್ರಯತ್ನವೇ ಬೇಡ. ಕೆಳಭಾಗದ ಚಿತ್ರ ಸಿಗದಿದ್ದರೆ ನಾಲ್ಕು ಚಿತ್ರಗಳಿಗೆ ತೃಪ್ತರಾಗೋಣ.

ಬೆಳಕಿನ ವಿಷಯದಲ್ಲಿ ಎರಡು ಮಾತು. ನಿಂತ ನೀರಿನ ಮೇಲೆ ಆಕಾಶ ಪ್ರತಿಬಿಂಬಿಸಿ ಒಳಗಿನದು ಕಾಣದಂತಾಗುತ್ತದೆ. ಇದಕ್ಕೆ ಪೋಲರೈಸಿಂಗ್ ಫಿಲ್ಟರ್ ಉತ್ತಮ. ಅದಿಲ್ಲದಿದ್ದರೆ ಒಂದು ಕಪ್ಪು ಕೊಡೆಯೇ ಸಾಕು. ಕೊಡೆಯ ನೆರಳು ನೀರಿನ ಮೇಲೆ ಬಿದ್ದೊಡನೆ ತಳ ತಿಳಿಯಾಗಿ ತೋರುತ್ತದೆ. ನೀರಿನ ಮೇಲಿನಿಂದ ಫ್ಲಾಶ್ ಬಳಸಿದರೆ ಬೆಳಕು ಮರಳಿ ಕ್ಯಾಮೆರಾಕ್ಕೇ ಹೊಡೆಯುತ್ತದೆ. ಮುಳುಗಿ ಚಿತ್ರ ತೆಗೆಯುವವರು ಇನ್ನೊಂದನ್ನು ತಿಳಿದಿರಬೇಕು: ನೀರು ಬೆಳಕಿನ ಕೆಂಪನ್ನು ಮೊದಲು ಹೀರುತ್ತದೆ. 5 ಮೀಟರ್ ಆಳಕ್ಕೆ ಹೋಗುವಷ್ಟರಲ್ಲಿ ಕೆಂಪು ಬಹಳಷ್ಟು ಮಾಸಿ, ಕೆಂಪು ನಕ್ಷತ್ರವೂ ಕಂದುಬಣ್ಣದ್ದಾಗಿ ತೋರುತ್ತದೆ. ಅಲ್ಲಿ ಸಣ್ಣ ದೀಪವೊಂದು ಬೇಕು. ಚಿತ್ರವನ್ನು ಬಳಿಕ ಕಂಪ್ಯೂಟರಿನಲ್ಲಿ ‘ಚೆಂದಗಾಣಿಸಲು’ ಹೋಗಿ ಇಲ್ಲದ ಬಣ್ಣ ತುಂಬಬೇಡಿ. ನಕ್ಷತ್ರವನ್ನು ಎತ್ತಿ ಒಣಮರಳಿನ ಮೇಲಿಟ್ಟು, ಪಕ್ಕದಲ್ಲಿ ಶಂಖ ಜೋಡಿಸಿ ತೆಗೆದ ಚಿತ್ರವೂ ಸುಳ್ಳು ಚಿತ್ರವೇ. ಅದು ಪ್ರಾಣಿಗೆ ಹಿಂಸೆಯೂ ಹೌದು. ಯಾವುದೇ ಕಲ್ಲನ್ನು ಸರಿಸಿದರೆ ಅದನ್ನು ಮೊದಲಿದ್ದಂತೆಯೇ ಇಡಬೇಕು. ಕಲ್ಲಿನ ಅಡಿಭಾಗ ಅಲ್ಲಿನ ನೂರಾರು ಜೀವಿಗಳಿಗೆ ಮನೆಯ ಮಾಡು.

ಇದರಿಂದ ಪ್ರಯೋಜನವೇನು?

ಇಷ್ಟೆಲ್ಲ ಶ್ರಮ ಏತಕ್ಕೆ ಎಂದು ತಾವು ಕೇಳಬಹುದು. ಎರಡು ನಿದರ್ಶನಗಳನ್ನು ಕೊಡುತ್ತೇನೆ. ಎರಡೂ ಅಮೆರಿಕೆಯ ಪಶ್ಚಿಮ ಕರಾವಳಿಯವು.

1963ರಲ್ಲಿ ರಾಬರ್ಟ್ ಪೇನ್ ಎಂಬ ವಿಜ್ಞಾನಿ ವಾಷಿಂಗ್ಟನ್ ರಾಜ್ಯದ ತೀರದ ಒಂದು ಬಂಡೆಭಾಗದಿಂದ ‘ಪಿಸಾಸ್ಟರ್’ ಎಂಬ ಕಡಲ ನಕ್ಷತ್ರಗಳನ್ನೆಲ್ಲ ಕಿತ್ತು ದೂರ ಎಸೆಯತೊಡಗಿದರು. ಅವು ತಿನ್ನುತ್ತಿದ್ದುದು ಮುಖ್ಯವಾಗಿ ನಮ್ಮ ಕರಾವಳಿಯವರು ನೀಲಿಕಲ್ಲು, ಪಚ್ಚಿಲೆ ಎಂದು ಕರೆಯುವ ಜಾತಿಯ ಚಿಪ್ಪುಗಳನ್ನು. ತಿನ್ನುವವರಿಲ್ಲದೆ ಆ ಚಿಪ್ಪುಗಳು ಬಂಡೆಯನ್ನೆಲ್ಲ ಆಕ್ರಮಿಸಿದವು. ಉಳಿದ ಜೀವಿಗಳಿಗೆ ಜಾಗವಿಲ್ಲದಾಯಿತು. ಅಲ್ಲಿದ್ದ 15 ಪ್ರಭೇದಗಳು 8ಕ್ಕೆ ಇಳಿದವು. ಕಮಾನಿನ ನೆತ್ತಿಯ ಕಲ್ಲನ್ನು ತೆಗೆದರೆ ಇಡೀ ಕಮಾನು ಕುಸಿಯುವಂತೆ, ಒಂದು ಪ್ರಭೇದ ಹೋದರೆ ಒಂದು ಸಮುದಾಯವೇ ಕುಸಿಯಬಹುದೆಂಬ ತತ್ತ್ವಕ್ಕೆ ಈ ಪ್ರಯೋಗವೇ ಆಧಾರವಾಯಿತು.

ಎರಡನೆಯದು ಇನ್ನೂ ಘೋರವಾದುದು. 2013ರಲ್ಲಿ ಅದೇ ಕರಾವಳಿಯುದ್ದಕ್ಕೂ ಕಡಲ ನಕ್ಷತ್ರಗಳು ಸಾಯತೊಡಗಿದವು. ತೋಳುಗಳು ತಿರುಚಿ, ಮೈಮೇಲೆ ಹುಣ್ಣಾಗಿ, ತೋಳುಗಳು ಕಳಚಿ, ಕೆಲವೇ ದಿನಗಳಲ್ಲಿ ಇಡೀ ಪ್ರಾಣಿ ಕರಗಿಹೋಗುತ್ತಿತ್ತು. 20ಕ್ಕೂ ಹೆಚ್ಚು ಪ್ರಭೇದಗಳಿಗೆ ಈ ಬೇನೆ ತಗುಲಿತು. ಒಂದು ಮೀಟರ್ ಅಗಲಕ್ಕೆ ಬೆಳೆಯಬಲ್ಲ, 24ರವರೆಗೆ ತೋಳುಗಳುಳ್ಳ ಸೂರ್ಯಕಾಂತಿ ನಕ್ಷತ್ರ ಶೇಕಡಾ 90ಕ್ಕೂ ಹೆಚ್ಚು ನಾಶವಾಯಿತು. ಸತ್ತವುಗಳ ಸಂಖ್ಯೆ 500 ಕೋಟಿಯನ್ನು ಮೀರಿತೆಂದು ಅಂದಾಜು. ಅದು ತಿನ್ನುತ್ತಿದ್ದ ಕಡಲಮುಳ್ಳಿಗಳು ಹೆಚ್ಚಿ, ಕ್ಯಾಲಿಫೋರ್ನಿಯದ ಉತ್ತರ ತೀರದ ದೈತ್ಯ ಪಾಚಿಯ ವನಗಳನ್ನು ಮೇಯ್ದುಬಿಟ್ಟವು. ಬೇನೆಗೆ ಕಾರಣ ಕಾಲರಾ ರೋಗಾಣುವಿನ ಕುಲಕ್ಕೇ ಸೇರಿದ ‘ವಿಬ್ರಿಯೊ ಪೆಕ್ಟೆನಿಸಿಡಾ’ ಎಂಬ ಬ್ಯಾಕ್ಟೀರಿಯವೆಂದು ತಿಳಿದದ್ದು 2025ರಲ್ಲಿ, ಹನ್ನೆರಡು ವರ್ಷಗಳ ಹುಡುಕಾಟದ ಮೇಲೆ.

ಈ ನಷ್ಟದ ಪ್ರಮಾಣ ಜಗತ್ತಿಗೆ ಹೇಗೆ ತಿಳಿಯಿತು? ವಿಜ್ಞಾನಿಗಳ ಸಮೀಕ್ಷೆಗಳ ಜೊತೆಗೆ, ಹವ್ಯಾಸಕ್ಕಾಗಿ ಕಡಲಿಗೆ ಮುಳುಗುತ್ತಿದ್ದ ಸಾಮಾನ್ಯ ಜನರು ಬೇನೆ ಬರುವ ಮೊದಲಿನಿಂದಲೇ ವರ್ಷವರ್ಷವೂ ತಾವು ಕಂಡ ನಕ್ಷತ್ರಗಳನ್ನು ಗುರುತಿಸಿ ಬರೆದಿಟ್ಟಿದ್ದರು. ಆ ದಾಖಲೆಗಳೇ ಇದ್ದುದಕ್ಕೂ ಇಲ್ಲವಾದುದಕ್ಕೂ ಸಾಕ್ಷಿಯಾದವು. ಇರುವಾಗ ಬರೆದಿಡದಿದ್ದರೆ, ಹೋದಾಗ ಹೋಯಿತೆಂದು ಹೇಳುವವರು ಯಾರು?

ನಮ್ಮ ದೇಶದಲ್ಲಿಯೂ ಈ ವಿದ್ಯೆಗೆ ಪರಂಪರೆಯಿದೆ. ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂ ಸಂಗ್ರಹಿಸಿದ ಆಳವಿಲ್ಲದ ನೀರಿನ ಕಡಲ ನಕ್ಷತ್ರಗಳನ್ನು ಫ್ರಾನ್ಸಿನ ವಿದ್ವಾಂಸ ರೆನೆ ಕೊಹ್ಲರ್ 1910ರಲ್ಲಿ ಗ್ರಂಥರೂಪದಲ್ಲಿ ವಿವರಿಸಿದರು. 1916ರಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆ, 1947ರಲ್ಲಿ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನ ಸಂಸ್ಥೆ ಸ್ಥಾಪನೆಗೊಂಡವು. ಆದರೆ ಸಂಗ್ರಹಾಲಯದ ಮದ್ಯಸಾರದಲ್ಲಿ ಇಟ್ಟ ಪ್ರಾಣಿಯ ಬಣ್ಣ ಉಳಿಯುವುದಿಲ್ಲ. ಬದುಕಿದ್ದಾಗಿನ ಬಣ್ಣ, ನಿಂತ ನೆಲೆ, ನೆರೆಹೊರೆ, ಇವನ್ನು ಉಳಿಸಿಕೊಡಬಲ್ಲುದು ಚಿತ್ರ ಮಾತ್ರ. ತಾವಿರುವ ಈ ಮುಂಬಯಿಯಲ್ಲಿಯೇ 2017ರಿಂದ ‘ಮರೀನ್ ಲೈಫ್ ಆಫ್ ಮುಂಬಯಿ’ ಎಂಬ ನಾಗರಿಕರ ಬಳಗ ಇಳಿತದ ಹೊತ್ತಿನಲ್ಲಿ ಸಾರ್ವಜನಿಕರನ್ನು ತೀರಕ್ಕೆ ಕರೆದೊಯ್ದು, ಕಂಡ ಜೀವಿಗಳ ಚಿತ್ರಗಳನ್ನು ‘ಐನ್ಯಾಚುರಲಿಸ್ಟ್’ ಎಂಬ ಮುಕ್ತ ದಾಖಲೆಗೆ ಸೇರಿಸುತ್ತ ಬಂದಿದೆ. ಬರಿಯ ಕೆಸರೂ ಕಸವೂ ಇದೆಯೆಂದು ನಾವು ಮೂಗು ಮುಚ್ಚಿಕೊಂಡು ದಾಟುವ ತೀರದಲ್ಲಿ ಹವಳವೂ ಇದೆ, ಆಕ್ಟೋಪಸ್ಸೂ ಇದೆ, ನಕ್ಷತ್ರವೂ ಇದೆ ಎಂದು ಇಂತಹ ಚಿತ್ರಗಳು ತೋರಿಸಿಕೊಟ್ಟಿವೆ.

ಹೈದರಾಬಾದು, ದೆಹಲಿ, ಪುಣೆಗಳಲ್ಲಿರುವವರಿಗೆ ಕಡಲು ದೂರ. ಆದರೆ ಯಾತ್ರೆಗೆ ರಾಮೇಶ್ವರಕ್ಕೆ, ದ್ವಾರಕೆಗೆ, ಗೋಕರ್ಣಕ್ಕೆ ಹೋಗದವರು ವಿರಳ. ದ್ವಾರಕೆಯ ಹಾದಿಯಲ್ಲಿ ಜಾಮನಗರದ ಬಳಿ ಕಚ್ಛ್ ಕೊಲ್ಲಿಯ ಸಾಗರ ರಾಷ್ಟ್ರೀಯ ಉದ್ಯಾನವಿದೆ. ನರಾರಾ ಎಂಬಲ್ಲಿ ಅರಣ್ಯ ಇಲಾಖೆಯ ಅನುಮತಿ ಪಡೆದು ಇಳಿತದಲ್ಲಿ ನಡೆದೇ ಹವಳಗಳನ್ನು ನೋಡಬಹುದು. ರಾಮೇಶ್ವರದ ಬದಿಗೆ ಮನ್ನಾರ್ ಕೊಲ್ಲಿಯ 21 ದ್ವೀಪಗಳನ್ನೊಳಗೊಂಡ ಸಾಗರ ರಾಷ್ಟ್ರೀಯ ಉದ್ಯಾನ 1986ರಲ್ಲಿ ಘೋಷಿತವಾಯಿತು. ಇಂತಹ ಉದ್ಯಾನಗಳಿಂದ ಅನುಮತಿಯಿಲ್ಲದೆ ಯಾವುದೇ ಜೀವಿಯನ್ನು ತೆಗೆದೊಯ್ಯುವುದು 1972ರ ವನ್ಯಜೀವಿ ಸಂರಕ್ಷಣ ಕಾಯಿದೆಯಂತೆ ಅಪರಾಧ. ತೀರದ ಅಂಗಡಿಗಳಲ್ಲಿ ದಾರದಲ್ಲಿ ಪೋಣಿಸಿದ ಒಣ ನಕ್ಷತ್ರಗಳು ಕಂಡರೆ ಕೊಳ್ಳಬೇಡಿ. ಅವು ಸತ್ತು ದಡಕ್ಕೆ ಬಂದವೇ ಇರಬೇಕೆಂದಿಲ್ಲ. ಕೊಳ್ಳುವವರಿದ್ದಾರೆಂದೇ ಸತ್ತವೂ ಇರುತ್ತವೆ.

ಚೆನ್ನೈಯ ಕನ್ನಡಿಗರಿಗೆ ಬಿ.ಜಿ.ಎಲ್. ಸ್ವಾಮಿಯವರ ನೆನಪು ಹಸಿರಾಗಿಯೇ ಇದೆ. ಆ ನಗರದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದುಕೊಂಡು, ಕಾಡಿನ ಗಿಡಮರಗಳನ್ನು ಕನ್ನಡಿಗರಿಗೆ ಪರಿಚಯಿಸಿದ ಅವರ ‘ಹಸುರು ಹೊನ್ನು’ 1978ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರವಾಯಿತು. ಕಾಡಿಗೆ ದೊರೆತ ಆ ಬಗೆಯ ಕನ್ನಡ ಕಡಲಿಗೂ ದೊರೆಯಬೇಕು. ಭಂಗುರ ನಕ್ಷತ್ರ, ಮೆತ್ತೆ ನಕ್ಷತ್ರ, ಜರಡಿಬಿಲ್ಲೆ ಮೊದಲಾಗಿ ಇಂದು ನಾನು ಬಳಸಿದ ಪದಗಳಲ್ಲಿ ಕೆಲವು ತಮಗೆ ಹೊಸತೆನಿಸಿರಬಹುದು. ಬಳಸಿದರೆ ಅವು ಹಳತಾಗುತ್ತವೆ. ಇವುಗಳಿಗಿಂತ ಒಳ್ಳೆಯ ಪದಗಳು ಕಾರವಾರದ, ಕುಂದಾಪುರದ, ಮಲ್ಪೆಯ ಮೀನುಗಾರರ ನಾಲಗೆಯಲ್ಲಿ ಇದ್ದರೆ ಅವನ್ನೂ ಚಿತ್ರದ ಕೆಳಗೆ ಬರೆದಿಡಿ. ಆ ಹೆಸರುಗಳೂ ಕಳೆದುಹೋಗಬಾರದ ವಸ್ತುಗಳೇ.

ಬಂಧುಗಳೇ, ಮುಂದಿನ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ, ಸಾಧ್ಯವಾದವರು ಮಕ್ಕಳನ್ನು ಕರೆದುಕೊಂಡು ಹತ್ತಿರದ ತೀರಕ್ಕೆ ಹೋಗಿ. ಒಂದು ಕೊಡೆ, ಒಂದು ಅಳತೆಪಟ್ಟಿ, ಒಂದು ಕ್ಯಾಮೆರಾ ಸಾಕು. ನಕ್ಷತ್ರ ಕಂಡರೆ ಐದು ಚಿತ್ರ ತೆಗೆಯಿರಿ; ಕಾಣದಿದ್ದರೆ ‘ಇಂದು ಕಾಣಲಿಲ್ಲ’ ಎಂದು ದಿನಾಂಕ ಹಾಕಿ ಬರೆದಿಡಿ. ಅದೂ ಒಂದು ದಾಖಲೆಯೇ. ಮಗು “ಮನೆಗೆ ತೆಗೆದುಕೊಂಡು ಹೋಗೋಣವೇ?” ಎಂದು ಕೇಳಿದರೆ, ರಾಮೇಶ್ವರದ ಆ ಬಕೆಟಿನ ಕಥೆಯನ್ನು ಹೇಳಿ.